ಊರಿನ ರಸ್ತೆಯ ಮೇಲೆ ಸೌರಮಂಡಲ: ಶಾಲಾ ಯೋಜನಾ ಕಾರ್ಯದಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅಧ್ಯಯನಕ್ಕಾಗಿ)

1. ಪೀಠಿಕೆ

ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸೌರಮಂಡಲದ ಪಾಠವನ್ನು ಬೋಧಿಸುವಾಗ ಗ್ರಹಗಳ ಚಿತ್ರ ಬರೆಸುವುದು, ಥರ್ಮೋಕೋಲ್ ಮಾದರಿ ಮಾಡಿಸುವುದು ವಾಡಿಕೆ. ಇದರಿಂದ ಮಕ್ಕಳು ಗ್ರಹಗಳ ಹೆಸರನ್ನೂ ಕ್ರಮವನ್ನೂ ಕಲಿಯುತ್ತಾರೆ. ಆದರೆ ಒಂದೇ ಹಾಳೆಯ ಮೇಲೆ ಸೂರ್ಯನನ್ನೂ ಎಂಟು ಗ್ರಹಗಳನ್ನೂ ತೋರಿಸಬೇಕಾದರೆ ಗಾತ್ರವನ್ನಾಗಲಿ ಅಂತರವನ್ನಾಗಲಿ ಬದಲಿಸದೆ ವಿಧಿಯಿಲ್ಲ. ಹೀಗಾಗಿ ಗ್ರಹಗಳು ಒಂದರ ಪಕ್ಕದಲ್ಲೊಂದು ನೆರೆಮನೆಗಳಂತೆ ಇವೆಯೆಂಬ ತಪ್ಪು ಕಲ್ಪನೆ ಮಗುವಿನ ಮನಸ್ಸಿನಲ್ಲಿ ನಿಂತುಬಿಡುತ್ತದೆ. ನಿಜವಾದ ಅಳತೆಯನ್ನು ತೋರಿಸಲು ತರಗತಿಯ ಕೊಠಡಿ ಸಾಲದು. ಮೂರು ಕಿಲೋಮೀಟರಿಗೂ ಮಿಕ್ಕ ದಾರಿ ಬೇಕು. ಆ ದಾರಿ ಶಾಲೆಯ ಕಾಂಪೌಂಡಿನ ಹೊರಗೆ, ಊರಿನ ನಡುವೆ ಇದೆ. ಆದುದರಿಂದ ಈ ಪಾಠವನ್ನು ಶಿಕ್ಷಕರಲ್ಲದೆ ಮಾನ್ಯ ಸದಸ್ಯರೂ ಅರಿತಿರುವುದು ಅವಶ್ಯ.

2. ಅಳತೆಯ ಸೂತ್ರ

ಸೂರ್ಯನ ವ್ಯಾಸ ಸುಮಾರು 13 ಲಕ್ಷ 90 ಸಾವಿರ ಕಿ.ಮೀ. ಇದನ್ನು 1 ಮೀಟರ್ ಎಂದು ಇಟ್ಟುಕೊಳ್ಳಬೇಕು. ಶಾಲೆಯ ಗೋಡೆಯ ಮೇಲೆ 1 ಮೀಟರ್ ವ್ಯಾಸದ ಹಳದಿ ವೃತ್ತವನ್ನು ಬರೆದರೆ ಅದೇ ಸೂರ್ಯ. ಅದೇ ಪ್ರಮಾಣದಲ್ಲಿ ಉಳಿದವುಗಳ ಗಾತ್ರ ಮತ್ತು ಸೂರ್ಯನಿಂದ ಸರಾಸರಿ ದೂರ ಹೀಗೆ ಬರುತ್ತವೆ:

- ಬುಧ: ಜೋಳದ ಕಾಳು (3.5 ಮಿ.ಮೀ.), ದೂರ 42 ಮೀಟರ್
- ಶುಕ್ರ: ಕಡಲೆಕಾಳು (8.7 ಮಿ.ಮೀ.), ದೂರ 78 ಮೀಟರ್
- ಭೂಮಿ: ತುಸು ದಪ್ಪ ಕಡಲೆಕಾಳು (9 ಮಿ.ಮೀ.), ದೂರ 107 ಮೀಟರ್
- ಮಂಗಳ: ತೊಗರಿಕಾಳು (5 ಮಿ.ಮೀ.), ದೂರ 164 ಮೀಟರ್
- ಗುರು: ಸುಲಿದ ತೆಂಗಿನಕಾಯಿ (10 ಸೆಂ.ಮೀ.), ದೂರ 559 ಮೀಟರ್
- ಶನಿ: ದೊಡ್ಡ ಮೂಸಂಬಿ (8 ಸೆಂ.ಮೀ.), ದೂರ 1,030 ಮೀಟರ್
- ಯುರೇನಸ್: ನಿಂಬೆಹಣ್ಣು (3.6 ಸೆಂ.ಮೀ.), ದೂರ 2,063 ಮೀಟರ್
- ನೆಪ್ಚೂನ್: ನಿಂಬೆಹಣ್ಣು (3.5 ಸೆಂ.ಮೀ.), ದೂರ 3,230 ಮೀಟರ್

ಈ ಲೆಕ್ಕವನ್ನು ಮಕ್ಕಳಿಗೆ ಸಿದ್ಧವಾಗಿ ಕೊಡಬಾರದು. ಪಠ್ಯದಲ್ಲಿರುವ ಅಂಕಿಗಳನ್ನು ಕೊಟ್ಟು ಭಾಗಾಕಾರವನ್ನು ಅವರಿಂದಲೇ ಮಾಡಿಸತಕ್ಕದ್ದು. ರಸ್ತೆಯನ್ನು ಅಳೆಯಲು ಸೈಕಲ್ ಸಾಕು. ಚಕ್ರದ ಒಂದು ಸುತ್ತಿನ ಉದ್ದವನ್ನು ಮೊದಲು ಅಳೆದು, ಟೈರಿಗೆ ಸುಣ್ಣದ ಗುರುತು ಹಾಕಿ, ಸುತ್ತುಗಳನ್ನು ಎಣಿಸುತ್ತ ತಳ್ಳಿಕೊಂಡು ಹೋದರೆ ದೂರ ತಿಳಿಯುತ್ತದೆ. ದಾರಿ ಚಿಕ್ಕದಾಗಿದ್ದಲ್ಲಿ ಸೂರ್ಯನನ್ನು ಅರ್ಧ ಮೀಟರಿಗೆ ಇಳಿಸಿ ಎಲ್ಲ ಅಳತೆಗಳನ್ನೂ ಅರ್ಧಕ್ಕೆ ತರಬಹುದು.

3. ನಡೆದಾಗ ತಿಳಿಯುವ ಸಂಗತಿಗಳು

ಮೊದಲ ನಾಲ್ಕು ಗ್ರಹಗಳು ಶಾಲೆಯ ಆಸುಪಾಸಿನಲ್ಲೇ ಮುಗಿಯುತ್ತವೆ. ತೊಗರಿಕಾಳಿನಿಂದ ತೆಂಗಿನಕಾಯಿಯವರೆಗೆ ಸುಮಾರು 400 ಮೀಟರ್ ನಡೆದರೂ ಬೇರೊಂದು ಗ್ರಹ ಸಿಗುವುದಿಲ್ಲ. ಅಲ್ಲಿರುವುದು ಕ್ಷುದ್ರಗ್ರಹಗಳ ಪಟ್ಟಿ. ಊರು ಮುಗಿದು ಹೊಲಗಳು ಆರಂಭವಾದ ಮೇಲೆ ಎರಡು ನಿಂಬೆಹಣ್ಣುಗಳು. ಸೌರಮಂಡಲದ ಬಹುಪಾಲು ಬರಿದೆಂಬ ಸತ್ಯವನ್ನು ಮಗು ಕಾಲಿನಿಂದ ಕಲಿಯುತ್ತದೆ.

ಬೆಳಕಿನ ವೇಗವನ್ನೂ ಇಲ್ಲಿಯೇ ಬೋಧಿಸಬಹುದು. ಈ ಪ್ರಮಾಣದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 21.5 ಸೆಂ.ಮೀ. ಮಾತ್ರ ಸಾಗುತ್ತದೆ. ಶಾಲೆಯ ಗೋಡೆಯಿಂದ ಭೂಮಿಯನ್ನು ತಲುಪಲು ಅದಕ್ಕೆ 8 ನಿಮಿಷ 20 ಸೆಕೆಂಡು, ನೆಪ್ಚೂನ್ ತಲುಪಲು 4 ಗಂಟೆ 10 ನಿಮಿಷ ಬೇಕು. ಸಾಧಾರಣ ನಡಿಗೆಯ ಮಗುವು ಎರಡು ನಿಮಿಷದೊಳಗೆ ಭೂಮಿಯನ್ನು ಸೇರುವುದರಿಂದ ಈ ರಸ್ತೆಯಲ್ಲಿ ಅದು ಬೆಳಕಿಗಿಂತ ನಾಲ್ಕು ಪಟ್ಟು ಮುಂದೆ!

ಭೂಮಿಯಿಂದ ಮಂಗಳದ ಪಥದವರೆಗಿನ 57 ಮೀಟರ್ ಅಂತರ ನಮ್ಮ ರಾಜ್ಯಕ್ಕೆ ಪರಿಚಿತವಾದುದು. 2013ರ ನವೆಂಬರ್ 5ರಂದು ಉಡಾವಣೆಗೊಂಡ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಆ ನೌಕೆಯೊಡನೆ ಸಂಪರ್ಕ ಸಾಧಿಸಿದ 32 ಮೀಟರ್ ವ್ಯಾಸದ ಆಂಟೆನಾ ಇರುವುದು ಬೆಂಗಳೂರು ಸಮೀಪದ ಬ್ಯಾಲಾಳು ಗ್ರಾಮದಲ್ಲಿ.

4. ಗ್ರಹಣ ಮತ್ತು ಭಯ

2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಜಿಲ್ಲೆಯಲ್ಲಿ, ಅಂಗವೈಕಲ್ಯ ವಾಸಿಯಾಗುವುದೆಂಬ ನಂಬಿಕೆಯಿಂದ ವಿಶೇಷಚೇತನ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿದ್ದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ತಂದೆತಾಯಿಯರು ಹೀಗೆ ಮಾಡಿದ್ದು ಮಕ್ಕಳ ಮೇಲಿನ ಪ್ರೀತಿಯಿಂದಲೇ; ಆದರೆ ನರಳಿದವರು ಆ ಮಕ್ಕಳು. ಇಂತಹ ಕಡೆ ಭಾಷಣಕ್ಕಿಂತ ಕಣ್ಣೆದುರಿನ ಪ್ರಯೋಗ ಹೆಚ್ಚು ಕೆಲಸ ಮಾಡುತ್ತದೆ.

ಭೂಮಿಯೆಂಬ ಕಡಲೆಕಾಳಿನ ಸ್ಥಳದಲ್ಲಿ ನಿಂತು, ಚಂದ್ರನೆಂದು ಒಂದು ದಪ್ಪ ಸಾಸಿವೆಕಾಳನ್ನು (2.5 ಮಿ.ಮೀ.) ಕಣ್ಣಿನಿಂದ 28 ಸೆಂ.ಮೀ. ದೂರದಲ್ಲಿ ಹಿಡಿದರೆ, ಶಾಲೆಯ ಗೋಡೆಯ ಒಂದು ಮೀಟರ್ ಸೂರ್ಯನೂ ಆ ಸಾಸಿವೆಯೂ ಹೆಚ್ಚುಕಡಿಮೆ ಸಮಾನ ಗಾತ್ರದವಾಗಿ ತೋರುತ್ತವೆ. ಸಣ್ಣ ಚಂದ್ರನು ದೊಡ್ಡ ಸೂರ್ಯನನ್ನು ಮರೆಮಾಡುವ ರಹಸ್ಯ ಇಷ್ಟೇ. ಪ್ರತಿ ಅಮಾವಾಸ್ಯೆಗೂ ಗ್ರಹಣವಾಗದಿರಲು ಕಾರಣ, ಚಂದ್ರನ ಪಥವು ಸುಮಾರು 5 ಡಿಗ್ರಿ ಓರೆಯಾಗಿರುವುದು. ನಮ್ಮ ಮಾದರಿಯಲ್ಲಿ ಸಾಸಿವೆಯು 2.5 ಸೆಂ.ಮೀ.ವರೆಗೆ ಮೇಲಕ್ಕೋ ಕೆಳಕ್ಕೋ ಸರಿಯುವುದರಿಂದ ಅದರ ನೆರಳು ಬಹುತೇಕ ಕಡಲೆಕಾಳಿನ ಮೇಲೆ ಬೀಳುವುದಿಲ್ಲ. ಪಥಗಳು ಸಂಧಿಸುವ ಎರಡು ಬಿಂದುಗಳನ್ನೇ ನಮ್ಮ ಪ್ರಾಚೀನ ಖಗೋಳ ಗಣಿತವು ರಾಹು, ಕೇತು ಎಂದು ಕರೆದಿದೆ. ಗ್ರಹಣಕ್ಕೆ ನೆರಳೇ ಕಾರಣವೆಂದು ಆರ್ಯಭಟನು ಆರ್ಯಭಟೀಯದಲ್ಲಿ ತಿಳಿಸಿದ್ದಾನೆ.

ಎಚ್ಚರಿಕೆ: ನೋಡಬೇಕಾದುದು ಗೋಡೆಯ ಸೂರ್ಯನನ್ನು ಮಾತ್ರ. ಆಕಾಶದ ಸೂರ್ಯನನ್ನು ಗ್ರಹಣದ ದಿನವಾಗಲಿ ಇತರ ದಿನವಾಗಲಿ ಬರಿಗಣ್ಣಿನಿಂದ ನೋಡುವುದು ಕಣ್ಣಿಗೆ ಅಪಾಯಕರ.

5. ಹಿರಿಯರು ಕೇಳಬಹುದಾದ ಪ್ರಶ್ನೆ

‘ನಾವು ಓದಿದಾಗ ಒಂಬತ್ತು ಗ್ರಹಗಳಿದ್ದವು, ಈಗ ಎಂಟು ಹೇಗೆ?’ ಎಂಬ ಪ್ರಶ್ನೆ ಸಹಜ. 2006ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೋವನ್ನು ಕುಬ್ಜ ಗ್ರಹಗಳ ವರ್ಗಕ್ಕೆ ಸೇರಿಸಿತು. ದೇವಾಲಯದ ನವಗ್ರಹಗಳ ಎಣಿಕೆಯೇ ಬೇರೆ: ಅದರಲ್ಲಿ ಸೂರ್ಯ, ಚಂದ್ರ, ರಾಹು, ಕೇತುಗಳಿವೆ; ಭೂಮಿ, ಯುರೇನಸ್, ನೆಪ್ಚೂನ್ ಇಲ್ಲ. ಎರಡು ಪಟ್ಟಿಗಳನ್ನೂ ಮಕ್ಕಳ ಮುಂದಿಟ್ಟು ವ್ಯತ್ಯಾಸವನ್ನು ವಿವರಿಸಿದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

6. ಸದಸ್ಯರು ಕೈಗೊಳ್ಳಬಹುದಾದ ಕಾರ್ಯಗಳು

ಅ) ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಚರ್ಚಿಸಿ, ವಾಹನ ಸಂಚಾರ ಕಡಿಮೆಯಿರುವ ದಾರಿಯನ್ನು ಆಯ್ಕೆ ಮಾಡುವುದು. ಹೆದ್ದಾರಿಯನ್ನು ಬಳಸಬಾರದು.
ಆ) ಮೋರಿಕಟ್ಟೆ, ಬಸ್ ತಂಗುದಾಣ, ಕೆರೆ ಏರಿ ಮುಂತಾದ ಕಡೆ ಗ್ರಹದ ಹೆಸರು ಮತ್ತು ದೂರವನ್ನು ಬಣ್ಣದಲ್ಲಿ ಬರೆಯಲು ಅನುಮತಿ ನೀಡುವುದು.
ಇ) ನಡಿಗೆಯ ದಿನ ಪ್ರತಿ ತಿರುವಿನಲ್ಲಿ ಒಬ್ಬ ಹಿರಿಯರು ನಿಲ್ಲುವಂತೆಯೂ ಕುಡಿಯುವ ನೀರು ದೊರೆಯುವಂತೆಯೂ ವ್ಯವಸ್ಥೆ ಮಾಡುವುದು.
ಈ) ಅಳತೆ ಮತ್ತು ಲೆಕ್ಕದ ಕೆಲಸದಲ್ಲಿ ಹೆಣ್ಣುಮಕ್ಕಳಿಗೂ ವಿಶೇಷಚೇತನ ಮಕ್ಕಳಿಗೂ ಸಮಪಾಲು ದೊರೆಯುವಂತೆ ನೋಡಿಕೊಳ್ಳುವುದು.
ಉ) ಮಕ್ಕಳ ಗ್ರಾಮ ಸಭೆಯಲ್ಲಿ ಈ ಕಾರ್ಯವನ್ನು ಮಕ್ಕಳೇ ವಿವರಿಸಲು ಅವಕಾಶ ಕಲ್ಪಿಸಿ, ಪೋಷಕರನ್ನು ಆಹ್ವಾನಿಸುವುದು.

7. ಚರ್ಚೆಗೆ

- ನಮ್ಮ ಊರಿನ ಶಾಲೆಯಿಂದ 3,230 ಮೀಟರ್ ಹೋದರೆ ಯಾವ ಸ್ಥಳ ಸಿಗುತ್ತದೆ?
- ಗ್ರಹಣದ ದಿನ ನಮ್ಮ ವ್ಯಾಪ್ತಿಯಲ್ಲಿ ಮಕ್ಕಳಿಗೂ ಗರ್ಭಿಣಿಯರಿಗೂ ತೊಂದರೆಯಾಗುವ ಆಚರಣೆಗಳಿವೆಯೇ?
- ಬಣ್ಣದ ಗುರುತುಗಳು ಮಾಸಿದಾಗ ಮತ್ತೆ ಬರೆಸುವ ಹೊಣೆ ಯಾರದು?

ಕಾಳು, ಕಾಯಿ, ಸುಣ್ಣ, ಸೈಕಲ್ ಇವು ಪ್ರತಿ ಊರಿನಲ್ಲೂ ಇವೆ. ದಾರಿಯನ್ನು ಗೊತ್ತುಮಾಡಿ ಅನುಮತಿ ನೀಡುವ ಕಾರ್ಯವೊಂದೇ ಪಂಚಾಯಿತಿಯದಾಗಿದ್ದು, ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲು ಕೋರಲಾಗಿದೆ.