ವೀರತ್ವವೂ ಕಾಯಕನಿಷ್ಠೆಯೂ

'ವೀರ' ಶಬ್ದವನ್ನು ಕೇಳಿದೊಡನೆ ಸಾಮಾನ್ಯರ ಮನಸ್ಸಿಗೆ ಖಡ್ಗವೂ ಕವಚವೂ ತೋರುವುವು. ಶ್ರೀ ಸಿದ್ಧಾಂತಶಿಖಾಮಣಿಯಾದರೋ ವೀರಶೈವ ಪದವನ್ನು ವಿವರಿಸುವಲ್ಲಿ ಬೇರೊಂದು ಅರ್ಥವನ್ನು ಹೇಳಿದೆ. 'ವೀ' ಎಂದರೆ ಶಿವಜೀವೈಕ್ಯವನ್ನು ಬೋಧಿಸುವ ವಿದ್ಯೆ. ಅದರಲ್ಲಿ ರಮಿಸುವವನೇ ವೀರಶೈವನು. ಹಾಗಾದರೆ ರಣರಂಗದಲ್ಲಿ ಪ್ರಾಣವನ್ನೊಪ್ಪಿಸುವ ಯೋಧನ ವೀರತ್ವಕ್ಕೂ ಈ ವೀರತ್ವಕ್ಕೂ ಸಂಬಂಧವುಂಟೆ? ಭೂತದಯೆಯನ್ನು ಎತ್ತಿಹಿಡಿದ ಶರಣಮಾರ್ಗದಲ್ಲಿ ಶಸ್ತ್ರಧಾರಿಗೆ ಸ್ಥಾನವೆಲ್ಲಿ? ಒಂದು ನಿದರ್ಶನದಿಂದ ಇದನ್ನು ವಿಚಾರಿಸಬಹುದು.

1947ನೆಯ ಅಕ್ಟೋಬರ್ ತಿಂಗಳಲ್ಲಿ ದಾಳಿಕಾರರು ಕಾಶ್ಮೀರವನ್ನು ಹೊಕ್ಕು ಬಾರಾಮುಲ್ಲಾ ಪಟ್ಟಣವನ್ನು ಸೂರೆಗೈದರು. ಭಾರತದ ಸೇನೆಗೆ ಶ್ರೀನಗರದ ವಿಮಾನನಿಲ್ದಾಣವೇ ಆಧಾರವಾಗಿತ್ತು. ಅದರ ರಕ್ಷಣೆಗಾಗಿ ನವೆಂಬರ್ 3ರಂದು ಬಡಗಾಮ್ ಗ್ರಾಮದ ಬಳಿ ನಿಂತವರು ಕುಮಾವ್ ದಳದ 4ನೆಯ ಬೆಟಾಲಿಯನ್ನಿನ ಮೇಜರ್ ಸೋಮನಾಥ ಶರ್ಮರು. ಅವರ ವಯಸ್ಸು ಆಗ 24 ವರ್ಷ. ಹಾಕಿ ಆಟದಲ್ಲಿ ಮುರಿದ ಎಡಗೈಗೆ ಪ್ಲಾಸ್ಟರ್ ಕಟ್ಟಿದ್ದರೂ, ತಮ್ಮ ತುಕಡಿಯೊಡನೆ ಹೋಗಿಯೇ ತೀರುವೆನೆಂದು ಹಠ ಹಿಡಿದು ಬಂದಿದ್ದರು.

ಸುಮಾರು 500 ಮಂದಿ ವೈರಿಗಳು ಮೂರು ದಿಕ್ಕುಗಳಿಂದ ಮುತ್ತಿದರು. ಗುಂಡಿನ ಮಳೆಯಲ್ಲಿಯೇ ಬಯಲಿಗೆ ಬಂದು ಶರ್ಮರು ತಮ್ಮ ವಿಮಾನಗಳಿಗೆ ಗುರಿ ತೋರಿಸಲು ಬಟ್ಟೆಯ ಪಟ್ಟಿಗಳನ್ನು ಹಾಸಿದರು. ಯೋಧರು ಒಬ್ಬೊಬ್ಬರಾಗಿ ಬೀಳುತ್ತಿರಲು, ತಾವೇ ಕುಳಿತು ಮದ್ದುಗುಂಡುಗಳನ್ನು ತುಂಬಿ ತುಂಬಿ ಬಂದೂಕುಗಾರರಿಗೆ ಹಂಚತೊಡಗಿದರು. ಆ ಕೆಲಸದಲ್ಲಿರುವಾಗಲೇ ಮದ್ದಿನ ರಾಶಿಯ ಮೇಲೆ ಶತ್ರುವಿನ ಸಿಡಿಗುಂಡು ಬಿದ್ದು ಅವರು ಮಡಿದರು. ಆದರೂ ತುಕಡಿಯು ವೈರಿಯನ್ನು ಆರು ಗಂಟೆಗಳ ಕಾಲ ತಡೆಯಿತು, ವಿಮಾನನಿಲ್ದಾಣವು ಉಳಿಯಿತು.

ಇಲ್ಲಿ ಗಮನಿಸತಕ್ಕುದು ಆ ಮುರಿದ ಕೈಯ ಕೆಲಸವನ್ನು. ಆಜ್ಞಾಪಿಸುವ ಅಧಿಕಾರಿಯು ಸಾಮಾನ್ಯ ಸಿಪಾಯಿಯ ಊಳಿಗಕ್ಕೆ ಇಳಿದನು. 'ಇದು ನನ್ನ ಪದವಿಗೆ ತಕ್ಕುದಲ್ಲ' ಎಂಬ ಅಹಂಕಾರವಾಗಲಿ, 'ನನ್ನ ಕೈ ಕೆಟ್ಟಿದೆ' ಎಂಬ ನೆಪವಾಗಲಿ ಅಲ್ಲಿ ಸುಳಿಯಲಿಲ್ಲ. ಬಿದ್ದ ಅಕ್ಕಿಯನ್ನಾಯ್ದ ಮಾರಯ್ಯ, ಹುಲ್ಲಿನ ಹಗ್ಗವನ್ನು ಹೊಸೆದ ಚಂದಯ್ಯ ಮೊದಲಾದ ಶರಣರು ಆಚರಿಸಿ ತೋರಿಸಿದುದು ಇದನ್ನೇ. ಕಾಯಕದಲ್ಲಿ ಮೇಲುಕೀಳಿಲ್ಲ, ಒದಗಿದ ಕೆಲಸವನ್ನು ಪೂರ್ಣಮನಸ್ಸಿನಿಂದ ಮಾಡುವುದೇ ನಿಷ್ಠೆ.

ಇನ್ನು ದಯೆಯ ಪ್ರಶ್ನೆ. ಕೋಪದಿಂದಲೂ ಲೋಭದಿಂದಲೂ ಎತ್ತಿದ ಶಸ್ತ್ರವನ್ನು ಶರಣಧರ್ಮವು ಒಪ್ಪದು. ಆದರೆ ನಿರಪರಾಧಿಗಳನ್ನು ಸೂರೆಗಾರರ ಕೈಗೆ ಬಿಟ್ಟು ಸುಮ್ಮನಿರುವುದನ್ನೂ ದಯೆಯೆನ್ನಲಾಗದು. ಕಲ್ಯಾಣದ ವಿಪ್ಲವದಲ್ಲಿ ಮಡಿವಾಳ ಮಾಚಿದೇವರು ವಚನದ ಕಟ್ಟುಗಳನ್ನೂ ಶರಣರನ್ನೂ ಕಾಯಲು ಸೈನ್ಯಕ್ಕೆ ಎದುರಾಗಿ ನಿಂತರೆಂದು ಪರಂಪರೆಯು ಹೇಳುತ್ತದೆ. ಕೊಲ್ಲುವುದರಲ್ಲಿ ಹಿರಿಮೆಯಿಲ್ಲ; ಕಾಯುವುದಕ್ಕಾಗಿ ತನ್ನನ್ನೇ ಒಡ್ಡಿಕೊಳ್ಳುವುದರಲ್ಲಿದೆ ಹಿರಿಮೆ.

ಸೋಮನಾಥ ಶರ್ಮರಿಗೆ ಮರಣಾನಂತರ ಪರಮವೀರಚಕ್ರವು ಸಂದಿತು; ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಸಾವಿತ್ರಿಬಾಯಿ ಖಾನೋಲ್ಕರರು ರೂಪಿಸಿದ ಆ ಕಂಚಿನ ಪದಕದಲ್ಲಿ ಇಂದ್ರನ ವಜ್ರಾಯುಧದ ನಾಲ್ಕು ಆಕೃತಿಗಳಿವೆ. ಲೋಕರಕ್ಷಣೆಗಾಗಿ ದಧೀಚಿ ಮಹರ್ಷಿಯು ತನ್ನ ಎಲುಬುಗಳನ್ನೇ ಕೊಡಲು ಅವುಗಳಿಂದ ವಜ್ರವಾಯಿತೆಂಬ ಪುರಾಣಕಥೆಯು ಸರ್ವವಿದಿತ. ಧನದ ದಾಸೋಹವು ಸುಲಭ, ತನುವಿನ ದಾಸೋಹವು ಕಠಿನ.

ಎಲ್ಲರಿಗೂ ರಣರಂಗವು ಒದಗಲಾರದು, ಒದಗಬೇಕಾಗಿಯೂ ಇಲ್ಲ. ಆದರೆ ಮುರಿದ ಕೈಯ ನೆಪವು ಪ್ರತಿಯೊಬ್ಬನಿಗೂ ದಿನವೂ ಒದಗುವುದು. ಉಳಿದಿರುವ ಕೈಯಿಂದ ಆಗುವ ಕೆಲಸವನ್ನು ಶಿವಾರ್ಪಣಬುದ್ಧಿಯಿಂದ ಮಾಡುವವನು ವೀರನೆಂಬ ಹೆಸರಿಗೆ ಅರ್ಹನು. ಸದ್ಭಕ್ತರು ಇದನ್ನು ಮನನ ಮಾಡಬೇಕು.