ಕಪಾಳಕ್ಕೆ ಬಿದ್ದರೆ ಎನ್‌ಸಿಆರ್, ಕುಡುಗೋಲು ತಾಗಿದರೆ ಎಫ್‌ಐಆರ್

ಹೊಲದ ಬದುವಿನ ಜಗಳ. ದಾಯಾದಿ ಕಪಾಳಕ್ಕೆ ಬಾರಿಸಿದ, ಬಾಯಿಗೆ ಬಂದಂತೆ ಬೈದ. ಏಟು ತಿಂದವನು ಠಾಣೆಗೆ ಹೋಗಿ, ಸಂಜೆ ಒಂದು ಕಾಗದ ಹಿಡಿದು ಬಂದು ‘ಕೇಸ್ ಹಾಕಿಸಿದೆ’ ಅನ್ನುತ್ತಾನೆ. ತಿಂಗಳಾದರೂ ಪೊಲೀಸರ ಸುಳಿವಿಲ್ಲ. ವಕೀಲರ ಬಳಿ ಹೋದರೆ ಅವರ ಮೊದಲ ಪ್ರಶ್ನೆ, ‘ಕ್ರೈಂ ನಂಬರ್ ಎಷ್ಟು?’ ಕಾಗದ ಬಿಡಿಸಿ ನೋಡಿದರೆ ಅದು ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ; ಎಫ್‌ಐಆರ್‌ಗೆ ಸಿಗುವ ಕ್ರೈಂ ನಂಬರ್ ಅದಕ್ಕಿಲ್ಲ.

ಇಲ್ಲಿ ಪೊಲೀಸರನ್ನೇ ಬೈದು ಫಲವಿಲ್ಲ. ಬರಿಗೈಯಲ್ಲಿ ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ 115(2)ರಲ್ಲಿ ಬರುವ ಅಸಂಜ್ಞೇಯ ಅಪರಾಧ. ಠಾಣೆಯವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ‘ಮ್ಯಾಜಿಸ್ಟ್ರೇಟರ ಬಳಿ ಹೋಗಿ’ ಎನ್ನಬೇಕು, ಅಷ್ಟೇ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅವರು ತನಿಖೆಗೆ ಇಳಿಯುವಂತಿಲ್ಲ. ಹಾಗಾಗಿ ಎನ್‌ಸಿಆರ್ ಹಿಡಿದು ಕಾಯುತ್ತ ಕೂರುವವನು ಕಾಯುತ್ತಲೇ ಇರುತ್ತಾನೆ. ಮುಂದಿನ ಹೆಜ್ಜೆ ಅವನದೇ.

ಅದೇ ಜಗಳದಲ್ಲಿ ಕುಡುಗೋಲು ಬೀಸಿ ಗಾಯವಾಗಿದ್ದರೆ 118(1), ಮೂಳೆಯೋ ಹಲ್ಲೋ ಮುರಿದಿದ್ದರೆ 117(2). ಎರಡೂ ಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ಪೊಲೀಸರೇ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದಾದವು. ಒಂದೇ ಘಟನೆಯಲ್ಲಿ ಇಂಥ ಒಂದು ಕಲಂ ಬಂದರೂ ಸಾಕು, ಬೈಗುಳ, ಕಪಾಳಮೋಕ್ಷ ಎಲ್ಲವೂ ಸಂಜ್ಞೇಯ ಪ್ರಕರಣದೊಳಗೇ ಸೇರುತ್ತವೆ.

ಆದ್ದರಿಂದ ದೂರಿನಲ್ಲಿ ‘ಹಲ್ಲೆ ಮಾಡಿದರು’ ಎಂದಷ್ಟೇ ಬರೆದು ಬಿಡಬೇಡಿ. ಯಾವುದರಿಂದ ಹೊಡೆದರು, ಎಲ್ಲಿಗೆ ಬಿತ್ತು, ಯಾರು ನೋಡಿದರು, ಗಂಟೆ ಎಷ್ಟು ಎಂಬುದೆಲ್ಲ ಇರಲಿ. ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಮಾಡಿಸಿ. ಮುಂದೆ ಮಾತಾಡುವುದು ವೈದ್ಯರು ಕೊಡುವ ವೂಂಡ್ ಸರ್ಟಿಫಿಕೇಟು. ಇಲ್ಲದ ಕುಡುಗೋಲನ್ನು ದೂರಿಗೆ ತುರುಕುವವರೂ ಇದ್ದಾರೆ. ಆ ಸರ್ಟಿಫಿಕೇಟು ಅವರನ್ನೂ ಬಿಡುವುದಿಲ್ಲ.

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಕೌಟುಂಬಿಕ, ವಾಣಿಜ್ಯ ವ್ಯಾಜ್ಯದಂಥ ಕೆಲವಕ್ಕೆ ಮಾತ್ರ ಪ್ರಾಥಮಿಕ ವಿಚಾರಣೆಯ ಅವಕಾಶ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಅದಕ್ಕೊಂದು ಕಿಂಡಿ ಸೇರಿಸಿತು. ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಮೊದಲು ವಿಚಾರಿಸಬಹುದು. ಕುಡುಗೋಲಿನ ಗಾಯ ಈ ಲೆಕ್ಕಕ್ಕೆ ಬರುತ್ತದೆ. ಮೂಳೆ ಮುರಿತಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇರುವುದರಿಂದ ಅದು ಬರುವುದಿಲ್ಲ.

ಇನ್ನೊಂದು ಕಾಗದವಿದೆ, ಹಿಂಬರಹ. ‘ನಿಮ್ಮ ಅರ್ಜಿ ವಿಚಾರಣೆಯಲ್ಲಿದೆ’ ಎಂದೋ ‘ಸಿವಿಲ್ ಸ್ವರೂಪದ್ದು’ ಎಂದೋ ಬರೆದು ಕೊಡುವುದು. ಆಮೇಲೆ ಎರಡೂ ಕಡೆಯವರನ್ನು ಕೂರಿಸಿ ‘ರಾಜಿ ಮಾಡ್ಕೊಳ್ಳಿ, ಇಲ್ಲ ಇಬ್ಬರ ಮೇಲೂ ಹಾಕ್ತೀನಿ’. ರಾಜಿಯೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಾಳೆ ಅದೇ ಕಾಲುವೆಯ ನೀರನ್ನು ಹಂಚಿಕೊಳ್ಳಬೇಕಾದವರಿಗೆ ಕೋರ್ಟಿಗಿಂತ ಅದೇ ವಾಸಿ ಅನ್ನಿಸಬಹುದು. ಆದರೆ ಹೆದರಿಸಿ ಹಾಕಿಸಿದ ಸಹಿ ರಾಜಿಯಲ್ಲ. ಓದದೆ ಸಹಿ ಮಾಡಬೇಡಿ; ಓದಲು ಬಾರದಿದ್ದರೆ ಓದಿ ಹೇಳಿಸಿಕೊಳ್ಳಿ.

‘ಇದು ನಮ್ಮ ಸರಹದ್ದಲ್ಲ’ ಎಂಬ ಉತ್ತರಕ್ಕೆ ಈಗ ಬೆಲೆಯಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.

ಠಾಣೆಯಲ್ಲಿ ಬರೆದುಕೊಳ್ಳಲಿಲ್ಲವೇ? ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು, ಆಗ ಆ ರಸೀದಿಯನ್ನು ಕೇಳುತ್ತಾರೆ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯೂ ಇಲ್ಲ.

ಎಫ್‌ಐಆರ್ ಆದ ಮೇಲೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಪೊಲೀಸರೇ ತಿಳಿಸಬೇಕು. ತಿಳಿಸದಿದ್ದರೆ ಕ್ರೈಂ ನಂಬರ್ ಹೇಳಿ ಕೇಳಿ.