ಧಣಿ ಗಾಡಿ ಕೊಡ್ತಾರೆ, ಲೋಡ್ ಯಾರು ಕೊಡ್ತಾರೆ?

ಅಕ್ಕಾವ್ರೇ, ನಾನು ದಾವಣಗೆರೆ ಕಡೆಯವನು, ವಯಸ್ಸು 34. ಹನ್ನೊಂದು ವರ್ಷದಿಂದ ಲಾರಿ ಡ್ರೈವರು. ಆರು ವರ್ಷದಿಂದ ಒಬ್ಬರೇ ಧಣಿ, ಒಂದೇ ಗಾಡಿ, 2019ರ ಮಾಡೆಲ್, ಹತ್ತು ಚಕ್ರದ್ದು. ಹೆಚ್ಚಾಗಿ ಮೆಕ್ಕೆಜೋಳ ಹೇರಿಕೊಂಡು ನಾಮಕ್ಕಲ್‌ಗೆ ಹೋಗ್ತೀನಿ. ಈಗ ಧಣಿ “ನೀನೇ ತಗೋ, 16 ಲಕ್ಷಕ್ಕೆ ಬಿಟ್ಟುಕೊಡ್ತೀನಿ” ಅಂತಿದ್ದಾರೆ. ಫೈನಾನ್ಸ್‌ನವರು ಶೇ. 9ರ ಬಡ್ಡಿಗೆ 12 ಲಕ್ಷ ಕೊಡ್ತಾರಂತೆ, ನಾಲ್ಕು ವರ್ಷದ ಕಂತು, ಮನೆ ಪತ್ರ ಜಾಮೀನು. ಉಳಿದದ್ದಕ್ಕೆ ಹೆಂಡತಿ ಒಡವೆ ಇದೆ. ಅವಳು ಬೇಡ ಅಂತಾಳೆ. ಎಷ್ಟು ವರ್ಷ ಇನ್ನೊಬ್ಬರ ಗಾಡಿ ಓಡಿಸಲಿ?

— ಹೆಸರು ಬೇಡ

ತಮ್ಮಾ, ನಿಮ್ಮ ಕೈಲಿ ಒಂದು ದೊಡ್ಡ ಅನುಕೂಲ ಇದೆ. ಹಳೇ ಲಾರಿ ಕೊಳ್ಳುವವರಿಗೆ ಅದರ ಹೊಟ್ಟೆಯೊಳಗೆ ಏನಿದೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ಯಾವ ಪಾಟಾ ಯಾವಾಗ ಮುರಿಯಿತು, ಯಾವ ಘಾಟಿಯಲ್ಲಿ ಇಂಜಿನ್ ಏದುಸಿರು ಬಿಡುತ್ತದೆ ಎಂಬುದು ಧಣಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗಾಗಿ ಗಾಡಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ನನ್ನ ಚಿಂತೆ ಬೇರೆ. ಧಣಿ ಮಾರುತ್ತಿರುವುದು ಗಾಡಿಯನ್ನು ಮಾತ್ರ. ಆರು ವರ್ಷ ನಿಮಗೆ ಲೋಡ್ ಹುಡುಕಿ ಕೊಟ್ಟದ್ದು ಅವರ ಫೋನು, ಅವರ ಮುಖ ನೋಡಿದ ಮಂಡಿಯವರು, ಟ್ರಾನ್ಸ್‌ಪೋರ್ಟ್ ಆಫೀಸಿನವರು. ಅದು 16 ಲಕ್ಷದಲ್ಲಿ ಸೇರಿದೆಯೇ?

ನಾಮಕ್ಕಲ್‌ನಲ್ಲಿ ಮಾಲು ಇಳಿಸಿದ ಮೇಲೆ ರಿಟರ್ನ್ ಲೋಡಿಗೆ ಎಷ್ಟು ದಿನ ನಿಲ್ಲುತ್ತೀರಿ? ಇಲ್ಲಿಯವರೆಗೆ ಹಾಗೆ ನಿಂತ ದಿನಗಳು ನಿಮಗೆ ನಿದ್ದೆ, ಬಟ್ಟೆ ಒಗೆಯುವ ಬಿಡುವು. ಮಾಲೀಕರಾದ ಮೇಲೆ ನಿಂತ ಗಾಡಿ ದಿನಕ್ಕೆ ಕಂತಿನ ಬಾಬ್ತೇ 1,100 ರೂಪಾಯಿ ತಿನ್ನುತ್ತದೆ. ಖಾಲಿ ಬಂದರೆ ಇನ್ನೂ ಕಷ್ಟ. ಹೋಗಿ ಬರುವ ಸಾವಿರ ಚಿಲ್ಲರೆ ಕಿಲೋಮೀಟರಿಗೆ ಲೀಟರಿಗೆ ನಾಲ್ಕರಂತೆ 260 ಲೀಟರ್ ಡೀಸೆಲ್ ಬೇಕು. ತೊಂಬತ್ತು ರೂಪಾಯಿ ಹಿಡಿದರೂ 23,400. ಬರೀ ಹೋಗುವ ಬಾಡಿಗೆಯಲ್ಲಿ ಅದನ್ನು ಕಳೆದು, ಟೋಲು, ಹಮಾಲಿ ಕಳೆದು ಏನು ಉಳಿಯುತ್ತದೆ? ಅದರಲ್ಲೂ ಅಡ್ವಾನ್ಸ್ ಮಾತ್ರ ಮೊದಲು ಕೈಗೆ ಬರುತ್ತದೆ, ಬ್ಯಾಲೆನ್ಸ್ ಸಹಿಯಾದ ರಸೀದಿ ವಾಪಸ್ ತಲುಪಿದ ಮೇಲೆ. ಮೆಕ್ಕೆಜೋಳಕ್ಕೆ ಸೀಸನ್ ಇದೆ, ಕಂತಿಗೆ ಇಲ್ಲ.

ಶೇ. 9 ಎಂದರಲ್ಲ, ಅದು ಫ್ಲಾಟೋ ಅಲ್ಲವೋ ಕೇಳಿದಿರಾ? ಫ್ಲಾಟ್ ಎಂದರೆ ನೀವು ಅಸಲು ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಪೂರ್ತಿ 12 ಲಕ್ಷದ ಮೇಲೇ ಬೀಳುತ್ತದೆ. ನಾಲ್ಕು ವರ್ಷಕ್ಕೆ 4,32,000 ಬಡ್ಡಿ, ತಿಂಗಳಿಗೆ 34,000 ಕಂತು. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ. 16. ಇದರ ಮೇಲೆ ಥರ್ಡ್ ಪಾರ್ಟಿ ವಿಮೆಯೊಂದಕ್ಕೇ 44 ಸಾವಿರದಷ್ಟು, ನ್ಯಾಷನಲ್ ಪರ್ಮಿಟ್ಟಿಗೆ ವರ್ಷಕ್ಕೆ 16,500, ಮೂರು ತಿಂಗಳಿಗೊಮ್ಮೆ ಟ್ಯಾಕ್ಸು. ಒಂದು ಜೊತೆ ಟೈರು ನಲವತ್ತು ಸಾವಿರದ ಆಸುಪಾಸು. 2027ಕ್ಕೆ ಗಾಡಿಗೆ ಎಂಟು ವರ್ಷ ತುಂಬುತ್ತದೆ, ಆಮೇಲೆ ಎಫ್‌ಸಿ ಪ್ರತಿ ವರ್ಷ. ಕಂತಿಗೆ ದುಡ್ಡು ಸಾಲದಾದಾಗ ಎರಡು ಟನ್ ಜಾಸ್ತಿ ಹೇರುವ ಆಸೆ ಎಂಥವರಿಗೂ ಹುಟ್ಟುತ್ತದೆ. ಈಗಿನ ಕಾನೂನಿನಲ್ಲಿ ಓವರ್‌ಲೋಡಿಗೆ 20,000 ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ನಮ್ಮ ಸೋದರಮಾವ ಅದಿರಿನ ಕಾಲದಲ್ಲಿ ಸಂಡೂರು ಕಡೆ ಎರಡು ಲಾರಿ ತೆಗೆದಿದ್ದ. ಹಗಲು ರಾತ್ರಿ ಲೋಡು, ಮನೆಗೆ ಮಾರ್ಬಲ್ ನೆಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಫೈನಾನ್ಸಿನವರು ಒಂದನ್ನು ಅಂಗಳದಿಂದಲೇ ಎಳೆದೊಯ್ದರು. ಇನ್ನೊಂದನ್ನು ಕೇಳುವವರೇ ಇರಲಿಲ್ಲ, ಎಲ್ಲರೂ ಮಾರುವವರೇ! ಮಾವ ಒಳ್ಳೆಯ ಡ್ರೈವರೇ, ಕುಡಿಯುತ್ತಿರಲಿಲ್ಲ. ಒಂದೇ ಮಾಲು ನಂಬಿದ್ದ, ಅಷ್ಟೇ.

ಆದ್ದರಿಂದ ಈ ಕರಾರಿನಲ್ಲಿ ಕೊಳ್ಳಬೇಡಿ. ಗಾಡಿಯೇ ಬೇಡ ಎನ್ನುತ್ತಿಲ್ಲ. ಮೊದಲು ಧಣಿಗೆ ಹೀಗೆ ಕೇಳಿ: “ಮೂರು ತಿಂಗಳು ಗಾಡಿ ನನಗೆ ಬಾಡಿಗೆಗೆ ಬಿಡಿ. ತಿಂಗಳಿಗೆ 34,000 ನಿಮ್ಮ ಕೈಗೆ ಕೊಡ್ತೀನಿ. ಡೀಸೆಲ್, ಟೋಲು, ಪಂಕ್ಚರು ನನ್ನದು. ಲೋಡ್ ನಾನೇ ಹುಡುಕ್ತೀನಿ, ನೀವು ಯಾರಿಗೂ ಫೋನ್ ಮಾಡಬೇಡಿ.” ಸಾಧ್ಯವಾದರೆ ಜೋಳದ ಸೀಸನ್ ಮುಗಿದ ಮೇಲಿನ ಮೂರು ತಿಂಗಳೇ ಆಗಲಿ. ಈಗಿನ ಸಂಬಳ, ಬಾಟಾದಷ್ಟು ನಿಮಗೆ ಸಿಕ್ಕು, ಟೈರು, ವಿಮೆಗೆಂದು ಒಂದಿಷ್ಟು ಎತ್ತಿಡುವಂತಾದರೆ ಧೈರ್ಯವಾಗಿ ಮುಂದುವರಿಯಿರಿ. ಧಣಿ ಒಪ್ಪದಿದ್ದರೆ ಯಾಕೆ ಎಂದು ಕೇಳಿ, ಆ ಉತ್ತರದಲ್ಲೇ ಅವರು ಮಾರುವ ಕಾರಣವೂ ಇರಬಹುದು.

ಕೊಳ್ಳುವುದಾದರೆ ಮನೆ ಪತ್ರ ಹೊರಗಿಡಿ. ಗಾಡಿಯ ಮೇಲಿನ ಸಾಲಕ್ಕೆ ಗಾಡಿಯೇ ಅಡ. ಅಷ್ಟಕ್ಕೆ ಒಪ್ಪದ ಫೈನಾನ್ಸಿನವರಿಗೆ ಗಾಡಿಯ ದುಡಿಮೆಯ ಮೇಲೆ ನಂಬಿಕೆ ಇಲ್ಲ ಎಂದೇ ಅರ್ಥ. ಹಳೇ ಇ-ಚಲನ್, ಟ್ಯಾಕ್ಸ್ ಬಾಕಿ ನೋಡಿ, ಆರ್‌ಸಿಯಲ್ಲಿ ಹಿಂದಿನ ಸಾಲದ ಅಡಮಾನದ ನಮೂದು (ಎಚ್‌ಪಿ) ಇದ್ದರೆ ತೆಗೆಸಿ. “ಕಂತು ಕಟ್ಕೊಂಡು ಹೋಗು, ಆಮೇಲೆ ಹೆಸರಿಗೆ ಮಾಡಿಕೊಡ್ತೀನಿ” ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಆರ್‌ಸಿ, ವಿಮೆ ಎರಡೂ ಕೂಡಲೇ ನಿಮ್ಮ ಹೆಸರಿಗೆ ಬರಲಿ. ಮಾಲೀಕ-ಚಾಲಕನಿಗೆ 15 ಲಕ್ಷದ ಅಪಘಾತ ವಿಮೆ ಇದೆ, ಅದನ್ನು ಬಿಡಬೇಡಿ. ಇನ್ನು ಮೇಲೆ ನಿಮಗೆ ಸೊಂಟ ಹಿಡಿದರೆ ಸ್ಟೇರಿಂಗ್ ಹಿಡಿಯಲು ಬೇರೆಯವರಿಲ್ಲ.

ಹೆಂಡತಿ ಬೇಡ ಅಂತಾಳೆ ಎಂದಿರಿ, ಯಾಕೆ ಎಂದು ಬರೆಯಲಿಲ್ಲ. ಕೇಳಿದ್ದೀರಾ? ಮೂರು ತಿಂಗಳ ಲೆಕ್ಕದ ಪುಸ್ತಕ ಅವರ ಕೈಲಿರಲಿ. ಪ್ರತಿ ಟ್ರಿಪ್ಪಿನ ಬಾಡಿಗೆ, ಖರ್ಚು, ನಿಂತ ದಿನ, ಬಾರದ ಬ್ಯಾಲೆನ್ಸ್, ಎಲ್ಲ ಫೋನಿನಲ್ಲೇ ಹೇಳಿ, ಅವರು ಬರೆದುಕೊಳ್ಳಲಿ. ಒಡವೆ ಅವರದು.